ಕಪಾಟಿನಲ್ಲಿಟ್ಟರೂ ಮುಪ್ಪಾಗುವ ವಸ್ತು: ಅರಗಿನ ತಟ್ಟೆಯಿಂದ ಪ್ಲಾಸ್ಟಿಕ್ ಪೊರೆಯವರೆಗೆ

ಇವತ್ತಿನ ಸಂಚಿಕೆಯ ಪ್ರಶ್ನೆ ಭಾಳ ಸಣ್ಣದು. ಒಂದು ಪ್ಲಾಸ್ಟಿಕ್ ವಸ್ತು ತಗೊಳ್ರಿ. ಬಿಸಿಲಿಗೆ ಇಡಬೇಡಿ, ನೀರು ತಾಗಿಸಬೇಡಿ, ಬಳಸಲೂ ಬೇಡಿ. ಬಟ್ಟೆಯಲ್ಲಿ ಸುತ್ತಿ ಕಪಾಟಿನೊಳಗೆ ಇಟ್ಟು ಕೀಲಿ ಹಾಕ್ರಿ. ಹತ್ತು ವರ್ಷ ಬಿಟ್ಟು ತೆಗೆದರೆ ಅದು ಇಟ್ಟ ಹಾಗೇ ಇರುತ್ತದಾ?

"ಇರ್ತೈತಿ ಬಿಡ್ರಿ, ಪ್ಲಾಸ್ಟಿಕ್ ಸಾವಿರ ವರ್ಷ ಕೊಳೆಯಂಗಿಲ್ಲ" ಅಂತ ನೀವು ಹೇಳಬಹುದು. ಕೊಳೆಯುವುದಿಲ್ಲ, ಅದು ಖರೇ. ಆದರೆ ಕೊಳೆಯುವುದು ಬೇರೆ, ಮುಪ್ಪಾಗುವುದು ಬೇರೆ. ಯಾರೂ ಮುಟ್ಟದಿದ್ದರೂ, ಒಳಗಿನ ಒಂದೇ ಒಂದು ಅಣು ಬದಲಾಗದಿದ್ದರೂ ಕೆಲವು ವಸ್ತುಗಳು ದಿನದಿಂದ ದಿನಕ್ಕೆ ಬಿಗಿಯಾಗುತ್ತವೆ, ಪೆಡಸಾಗುತ್ತವೆ. ವಿಜ್ಞಾನಿಗಳು ಇದಕ್ಕೆ ಫಿಸಿಕಲ್ ಏಜಿಂಗ್ ಅನ್ನುತ್ತಾರೆ. ನಾನು ಭೌತಿಕ ಮುಪ್ಪು ಅಂತ ಕರೆಯುತ್ತೇನೆ. ಇದು ಲ್ಯಾಬಿನೊಳಗಿನ ಕಥೆ ಮಾತ್ರ ಅಲ್ಲ. ನಮ್ಮ ಬೆಳಗಾವಿ ಸೀಮೆಯ ಹಳೇ ಹಾಡು, ಖಾನಾಪುರದ ಮಣ್ಣಿನ ಪಾತ್ರೆ, ಕಬ್ಬಿನ ಕಾರ್ಖಾನೆಗೆ ನಾಳೆ ಬರುವ ಯಂತ್ರ, ಎಲ್ಲದರ ಒಳಗೂ ಇದು ಕೂತಿದೆ.

ಹುಳ ಕೊಟ್ಟ ಪ್ಲಾಸ್ಟಿಕ್

ಪ್ಲಾಸ್ಟಿಕ್ ಅಂದಕೂಡಲೇ ನಮಗೆ ಕಾರ್ಖಾನೆ, ಪೆಟ್ರೋಲಿಯಂ ನೆನಪಾಗುತ್ತದೆ. ಅದಕ್ಕಿಂತ ಎಷ್ಟೋ ಮೊದಲು ನಮ್ಮ ದೇಶದಲ್ಲಿ ಮರದ ಮೇಲೆ ಒಂದು ಪ್ಲಾಸ್ಟಿಕ್ ಬೆಳೆಯುತ್ತಿತ್ತು. ಅದೇ ಅರಗು. ಮುತ್ತುಗ, ಬೋರೆಯಂಥ ಮರಗಳ ಎಳೇ ರೆಂಬೆಗೆ ಸಾವಿರಾರು ಸಣ್ಣ ಹುಳ ಅಂಟಿಕೊಂಡು ರಸ ಹೀರುತ್ತವೆ, ಮೈಮೇಲೆ ಅಂಟಿನ ಹೊದಿಕೆ ಕಟ್ಟಿಕೊಳ್ಳುತ್ತವೆ. ಅದನ್ನು ಕೆರೆದು, ತೊಳೆದು, ಕರಗಿಸಿ, ಸೋಸಿ, ತೆಳ್ಳಗೆ ಹಾಳೆ ಎಳೆದರೆ ಶೆಲ್ಯಾಕ್ ಸಿಗುತ್ತದೆ. ಮಹಾಭಾರತದ ಅರಗಿನ ಮನೆ ಗೊತ್ತಲ್ಲ, ಅದೇ ಅರಗು. ಬೊಂಬೆಗೆ ಬಣ್ಣ, ಬಳೆಗೆ ಹೊಳಪು, ಪತ್ರಕ್ಕೆ ಮುದ್ರೆ, ಎಲ್ಲದಕ್ಕೂ ಅರಗು ಬೇಕಿತ್ತು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯ ಹೆಸರೇ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. 1962ರ ಚುನಾವಣೆಯಿಂದ ನಮ್ಮ ಬೆರಳಿಗೆ ಹಚ್ಚುವ ಅಳಿಸದ ಶಾಯಿ ತಯಾರಿಸುವುದೂ ಅದೇ ಕಾರ್ಖಾನೆ. ಅದರ ಹೆಸರಿನ ಆ 'ಲ್ಯಾಕ್' ನಮ್ಮ ಅರಗು.

ಹತ್ತೊಂಬತ್ತನೇ ಶತಮಾನದ ಕೊನೆಗೆ ಅರಗಿಗೆ ಹೊಸ ಗಿರಾಕಿ ಸಿಕ್ಕಿತು. ಎಮಿಲ್ ಬರ್ಲಿನರ್ ಅನ್ನುವವನು ಚಪ್ಪಟೆ ಗ್ರಾಮೋಫೋನ್ ತಟ್ಟೆ ಕಂಡುಹಿಡಿದ. ಮೊದಲು ಗಟ್ಟಿ ರಬ್ಬರಿನಲ್ಲಿ ಅಚ್ಚು ಹಾಕಿ ನೋಡಿದ, ಸರಿಬರಲಿಲ್ಲ. ಅರಗಿಗೆ ಕಲ್ಲಿನ ಪುಡಿ, ಮಸಿ, ಹತ್ತಿಯ ಎಳೆ ಬೆರೆಸಿ ಬಿಸಿಯಲ್ಲಿ ಒತ್ತಿದರೆ ಸೂಜಿಯ ಭಾರ ತಾಳುವ, ದನಿಯ ಗೀರು ಸ್ಪಷ್ಟವಾಗಿ ಹಿಡಿಯುವ ತಟ್ಟೆ ಬಂತು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾಗೆ ಬಂದು ಗೌಹರ್ ಜಾನ್ ಹಾಡನ್ನು ಮುದ್ರಿಸಿಕೊಂಡ. 1908ರಲ್ಲಿ ಕಲ್ಕತ್ತಾದಲ್ಲೇ ತಟ್ಟೆ ಒತ್ತುವ ಕಾರ್ಖಾನೆ ಬಂತು. ನಮ್ಮ ದೇಶದಲ್ಲಿ ಅರಗಿನ ತಟ್ಟೆ 1960ರ ದಶಕದವರೆಗೂ ನಡೆಯಿತು.

ಈಗ ನಮ್ಮ ಕಡೆ ಬನ್ರಿ. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಅಲ್ಲಿ ಹಾಡಿದ ಮಕ್ಕಳಲ್ಲಿ 11 ವರ್ಷದ ಹುಡುಗಿಯೊಬ್ಬಳಿದ್ದಳು, ಮುಂದೆ ನಾಡೆಲ್ಲ ಗಂಗೂಬಾಯಿ ಹಾನಗಲ್ ಅಂತ ಗುರುತಿಸಿದವಳು. 1930ರ ದಶಕದಲ್ಲಿ ಅವರ ದನಿ ಎಚ್.ಎಂ.ವಿ. ತಟ್ಟೆಗೆ ಬಂತು, ಚೀಟಿಯ ಮೇಲೆ 'ಗಾಂಧಾರಿ ಹುಬ್ಬಳ್ಳಿ' ಅನ್ನುವ ಹೆಸರಿನಲ್ಲಿ. ಅದೇ 1924ರ ಏಪ್ರಿಲಿನಲ್ಲಿ ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ ಅನ್ನುವ ಹುಡುಗ ಕುಮಾರ ಗಂಧರ್ವನಾದ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರೂ ಆ ಕಾಲದಲ್ಲೇ ತಟ್ಟೆಗೆ ಹಾಡಿದರು. ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ. ಒಂದು ರಾಗಕ್ಕೆ ಅಷ್ಟೇ ಜಾಗ. ನಮ್ಮ ಸೀಮೆಯ ಒಂದು ಇಡೀ ತಲೆಮಾರಿನ ಕಂಠ ಹುಳದ ಅಂಟಿನಲ್ಲಿ ಉಳಿದಿದೆ, ಮತ್ತೆ ಆ ಅಂಟು ಮುಪ್ಪಾಗುತ್ತಿದೆ.

ಬಸ್ಸಿನೊಳಗಿನ ಜಾಗ

ಮುಪ್ಪು ಹೇಗೆ ಆಗುತ್ತದೆ ಅಂತ ತಿಳಿಯಲು ಬೆಳಿಗ್ಗೆ ಒಂಬತ್ತರ ಖಾನಾಪುರ–ಬೆಳಗಾವಿ ಬಸ್ಸು ಹತ್ತೋಣ. ನಿಲ್ದಾಣದಲ್ಲಿ ಬಾಗಿಲು ತೆರೆದಕೂಡಲೇ ಮಂದಿ ನುಗ್ಗುತ್ತಾರೆ. ಸಿಕ್ಕಸಿಕ್ಕಲ್ಲಿ ನಿಲ್ಲುತ್ತಾರೆ. ಒಬ್ಬನ ಚೀಲ ಅಡ್ಡ, ಇನ್ನೊಬ್ಬನ ಮೊಣಕೈ ಹೊರಗೆ. ನೋಡಿದರೆ ಬಸ್ಸು ತುಂಬಿದೆ, ಆದರೆ ನಡುನಡುವೆ ವ್ಯರ್ಥ ಜಾಗ ಉಳಿದಿದೆ. ಬಸ್ಸು ಹೊರಡುತ್ತದೆ. ಒಂದು ಗುಂಡಿ, ಒಂದು ತಿರುವು, "ಸ್ವಲ್ಪ ಸರೀರಿ". ಒಬ್ಬ ಚೀಲ ಕೆಳಗಿಟ್ಟ, ಇನ್ನೊಬ್ಬ ಓರೆಯಾದ. ಸ್ವಲ್ಪ ಹೊತ್ತಿನಲ್ಲೇ ಅದೇ ಮಂದಿ ಕಡಿಮೆ ಜಾಗದಲ್ಲಿ ಒತ್ತಾಗಿ ನಿಂತಿರುತ್ತಾರೆ. ಯಾರೂ ಇಳಿದಿಲ್ಲ, ಯಾರೂ ಹತ್ತಿಲ್ಲ. ಆದರೆ ಈಗ ಕಂಡಕ್ಟರ್ ಮುಂದಿನಿಂದ ಹಿಂದಕ್ಕೆ ಹೋಗುವುದು ಮೊದಲಿಗಿಂತ ಕಷ್ಟ.

ಗಾಜಿನಂಥ ಪಾಲಿಮರ್ ಅಂದರೆ ಈ ಬಸ್ಸೇ. ಪಾಲಿಮರ್ ಅಂದರೆ ಉದ್ದುದ್ದ ಸರಪಳಿಯಂಥ ಅಣುಗಳು. ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಈ ಮಾತು ಹೇಳಿದಾಗ ಎಷ್ಟೋ ರಸಾಯನ ವಿಜ್ಞಾನಿಗಳು ಒಪ್ಪಲಿಲ್ಲ. 1953ರಲ್ಲಿ ಆತನಿಗೆ ನೊಬೆಲ್ ಬಂತು. ಈ ಸರಪಳಿಗಳು ಬಿಸಿಯಲ್ಲಿ ಹಾವಿನಂತೆ ಹರಿದಾಡುತ್ತವೆ. ತಣ್ಣಗಾಗುತ್ತಾ ಹೋದರೆ ಒಂದು ಉಷ್ಣತೆಯಲ್ಲಿ ಅವುಗಳ ಓಡಾಟ ಹೆಚ್ಚುಕಡಿಮೆ ನಿಂತುಹೋಗುತ್ತದೆ. ಸಾಲಾಗಿ ಜೋಡಿಸಿಕೊಳ್ಳಲು ಪುರುಸೊತ್ತು ಸಿಗದೆ ಇದ್ದಲ್ಲೇ ಸಿಕ್ಕಿಬೀಳುತ್ತವೆ. ಅದೇ ಗಾಜಿನ ಸ್ಥಿತಿ. ಒಂದೊಂದು ವಸ್ತುವಿಗೆ ಒಂದೊಂದು ಉಷ್ಣತೆ: ಪಿ.ವಿ.ಸಿ.ಗೆ ಸುಮಾರು 80 ಡಿಗ್ರಿ ಸೆಲ್ಸಿಯಸ್, ಪಾಲಿಸ್ಟೈರೀನ್‌ಗೆ ಸುಮಾರು 100, ಪಾಲಿಕಾರ್ಬೊನೇಟ್‌ಗೆ ಸುಮಾರು 150. ಅರಗಿಗೆ? 40 ಡಿಗ್ರಿ ಆಸುಪಾಸು. ಅಂದರೆ ಏಪ್ರಿಲ್ ತಿಂಗಳ ತಗಡಿನ ಮಾಳಿಗೆಯೊಳಗೆ ಅರಗಿನ ತಟ್ಟೆ ಗಾಜಿನ ಸ್ಥಿತಿಯ ಅಂಚಿನಲ್ಲೇ ಕೂತಿರುತ್ತದೆ. ಅದಕ್ಕೇ ಮಡಚಿದ ಹಪ್ಪಳದಂತೆ ಸೊಟ್ಟಗಾಗುವುದು.

ಗಾಜಾದ ಮೇಲೂ ಓಡಾಟ ಪೂರ್ತಿ ನಿಲ್ಲುವುದಿಲ್ಲ. ಒಂದು ತುಂಡು ಇಲ್ಲಿ ಒಂಚೂರು ಹೊರಳುತ್ತದೆ, ಇನ್ನೊಂದು ಅಲ್ಲಿ ಸರಿಯುತ್ತದೆ. ನಡುವಿನ ಖಾಲಿ ಜಾಗ ನಿಧಾನಕ್ಕೆ ಕರಗುತ್ತದೆ. ವಸ್ತು ಕಣ್ಣಿಗೆ ಕಾಣದಷ್ಟು ಕುಗ್ಗುತ್ತದೆ, ಗಟ್ಟಿಯಾಗುತ್ತದೆ, ಬಾಗುವ ಗುಣ ಕಳೆದುಕೊಳ್ಳುತ್ತದೆ. ಸಕ್ಕರೆಯಲ್ಲೂ ಗಾಜು ಇದೆ ಗೊತ್ತಾ? ಜಾತ್ರೆಯಲ್ಲಿ ತಿನ್ನುವ ಬಾಂಬೆ ಮಿಠಾಯಿ ಅಂದರೆ ಗಾಜಾದ ಸಕ್ಕರೆಯ ಎಳೆ. ಖಾನಾಪುರದ ಮಳೆಗಾಲದಲ್ಲಿ, ಕಣಕುಂಬಿ ಕಡೆಯಿಂದ ತೇವದ ಗಾಳಿ ಬೀಸುವಾಗ ಅದನ್ನು ಹೊರಗಿಡಿ. ನೋಡನೋಡುತ್ತಲೇ ಕುಗ್ಗಿ ಅಂಟಾಗುತ್ತದೆ. ತೇವ ಒಳಹೊಕ್ಕಕೂಡಲೇ ಅದರ ಗಾಜಾಗುವ ಉಷ್ಣತೆ ಕೆಳಗಿಳಿದು, ಎಳೆ ಮೆತ್ತಗಾಗಿಬಿಡುತ್ತದೆ. ಅದು ಈ ಕಥೆಯ ವೇಗದ ರೂಪ.

38 ವರ್ಷ ಒಂದೇ ಥರ್ಮಾಮೀಟರ್

ಇದನ್ನು ಮೊದಲು ಗಮನಿಸಿದವರಲ್ಲಿ ಒಬ್ಬ ನಿಮಗೆ ಶಾಲೆಯಿಂದಲೇ ಪರಿಚಯ. ಜೇಮ್ಸ್ ಜೂಲ್. ಶಕ್ತಿಯ ಅಳತೆಗೆ ಹೆಸರು ಕೊಟ್ಟ ಅದೇ ಜೂಲ್. ಇಂಗ್ಲೆಂಡಿನ ಸಾಲ್ಫರ್ಡಿನ ಬಿಯರ್ ತಯಾರಿಸುವ ಮನೆತನದವನು. ಅವನ ಬಳಿ ಒಂದು ಒಳ್ಳೆಯ ಥರ್ಮಾಮೀಟರ್ ಇತ್ತು. ಆಗಾಗ ಅದನ್ನು ಕರಗುವ ಮಂಜಿನಲ್ಲಿಟ್ಟು ಸೊನ್ನೆ ಎಲ್ಲಿ ಬರುತ್ತದೆ ಅಂತ ಬರೆದಿಡುತ್ತಿದ್ದ. 1844ರಲ್ಲಿ ಶುರು ಮಾಡಿದ, 1882ರವರೆಗೂ ಬಿಡಲಿಲ್ಲ. 38 ವರ್ಷ! ಆ ಅವಧಿಯಲ್ಲಿ ಸೊನ್ನೆಯ ಗೆರೆ ಮೇಲೇರುತ್ತಾ ಹೋಗಿ ಒಟ್ಟು ಅರ್ಧ ಡಿಗ್ರಿ ಸೆಲ್ಸಿಯಸ್‌ನಷ್ಟು ಸರಿದಿತ್ತು. ಮಂಜು ಬದಲಾಗಿರಲಿಲ್ಲ. ಪಾದರಸ ಬದಲಾಗಿರಲಿಲ್ಲ. ಗಾಜಿನ ಬುರುಡೆ ಕುಗ್ಗಿತ್ತು, ಕುಗ್ಗಿ ಪಾದರಸವನ್ನು ಮೇಲಕ್ಕೆ ದಬ್ಬಿತ್ತು. ಮೊದಮೊದಲು ಬೇಗ ಬೇಗ, ಆಮೇಲೆ ನಿಧಾನವಾಗಿ.

ಇಲ್ಲಿ ಒಂದು ಮಾತು. ಹಳೇ ಚರ್ಚಿನ ಕಿಟಕಿ ಗಾಜು ಕೆಳಗೆ ದಪ್ಪ ಇರುತ್ತದೆ, ಗಾಜು ನೂರಾರು ವರ್ಷ ಹರಿದು ಕೆಳಗಿಳಿದಿದೆ ಅಂತ ರೀಲ್ಸ್‌ನಲ್ಲಿ ನೋಡಿರುತ್ತೀರಿ. ಅದು ಸುಳ್ಳು. ಹಳೇ ಕಾಲದಲ್ಲಿ ಗಾಜಿನ ಹಾಳೆ ಮಾಡುವಾಗಲೇ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗುತ್ತಿತ್ತು. ಗಾಜು ಹರಿಯುವುದಿಲ್ಲ. ಇದ್ದಲ್ಲೇ ಬಿಗಿಯಾಗುತ್ತದೆ. ಎರಡಕ್ಕೂ ವ್ಯತ್ಯಾಸ ಭಾಳ.

ಪಾಲಿಮರ್‌ಗಳಲ್ಲಿ ಈ ಬಿಗಿತವನ್ನು ಶಿಸ್ತಾಗಿ ಅಳೆದವರು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನ ಕೊವಾಕ್ಸ್. 1963ರಲ್ಲಿ ಅವರು ಪ್ರಕಟಿಸಿದ ಕೆಲಸದಲ್ಲಿ ಒಂದು ವಿಚಿತ್ರ ಇದೆ. ಒಂದೇ ಪ್ಲಾಸ್ಟಿಕ್ಕಿನ ಎರಡು ತುಂಡು. ಈ ಕ್ಷಣಕ್ಕೆ ಎರಡರ ಉಷ್ಣತೆ ಒಂದೇ, ಗಾತ್ರವೂ ಒಂದೇ. ಆದರೆ ಇಲ್ಲಿಗೆ ಬಂದ ದಾರಿ ಬೇರೆ ಬೇರೆ. ಇನ್ನು ಮುಂದೆ ಇವು ನಡೆದುಕೊಳ್ಳುವ ರೀತಿಯೂ ಬೇರೆ ಬೇರೆ ಆಗುತ್ತದೆ! ಒಂದು ಸ್ವಲ್ಪ ಉಬ್ಬಿ ಆಮೇಲೆ ಕುಗ್ಗುತ್ತದೆ, ಇನ್ನೊಂದು ಉಬ್ಬುವುದೇ ಇಲ್ಲ. ಅಂದರೆ ಈ ವಸ್ತುವಿಗೆ ನೆನಪಿದೆ. ಈಗ ಹೇಗಿದೆ ಅಂತ ಕೇಳಿದರೆ ಸಾಲದು, ಎಲ್ಲಿಂದ ಬಂತು ಅಂತಲೂ ಕೇಳಬೇಕು. ಇತಿಹಾಸದ ಪಾಡ್‌ಕಾಸ್ಟಿನಲ್ಲಿ ಪ್ಲಾಸ್ಟಿಕ್ ಯಾಕ್ರೀ ಅಂದವರಿಗೆ ಇದೇ ನನ್ನ ಉತ್ತರ.

1978ರಲ್ಲಿ ನೆದರ್ಲೆಂಡಿನ ಸ್ಟ್ರೂಯಿಕ್ ಈ ವಿಷಯಕ್ಕೆ ಒಂದು ಇಡೀ ಪುಸ್ತಕ ಬರೆದರು. ಅದರ ಹೆಸರಲ್ಲೇ ಪಾಲಿಮರ್ ಜೊತೆಗೆ 'ಇತರ ವಸ್ತುಗಳು' ಅಂತಲೂ ಇದೆ. ಯಾಕಂದರೆ ಗಾಜಿನ ಸ್ಥಿತಿಗೆ ಹೋದ ಯಾವುದೇ ವಸ್ತುವಿಗೆ ಈ ಮುಪ್ಪು ತಪ್ಪಿದ್ದಲ್ಲ. ಅವರು ತೋರಿಸಿದ ಎರಡು ಮಾತು ನೆನಪಿಡಿ. ಒಂದು, ಈ ಮುಪ್ಪು ಹಿಂದಕ್ಕೆ ತಿರುಗಿಸಬಹುದಾದ ಮುಪ್ಪು. ಗಾಜಾಗುವ ಉಷ್ಣತೆಗಿಂತ ಮೇಲೆ ಕಾಯಿಸಿ ಮತ್ತೆ ತಣಿಸಿದರೆ ವಸ್ತು ಹೊಸದಾಗುತ್ತದೆ, ಗಡಿಯಾರ ಸೊನ್ನೆಯಿಂದ ಶುರು. ಬಸ್ಸಿನ ಮಂದಿಯನ್ನೆಲ್ಲ ಇಳಿಸಿ ಮತ್ತೆ ಹತ್ತಿಸಿದ ಹಾಗೆ. ಬಿಸಿಲಿಗೆ, ಆಮ್ಲಜನಕಕ್ಕೆ ಅಣುವೇ ತುಂಡಾದರೆ ಅದು ರಾಸಾಯನಿಕ ಮುಪ್ಪು. ಅದು ತಿರುಗಿ ಬರುವುದಿಲ್ಲ.

ಎರಡನೆಯದು ಕಾಲದ ಲೆಕ್ಕ. ನಾನು ಬಿ.ಕಾಂ. ಓದಿದವನು, ನನಗೆ ಇದು ಸವಕಳಿ ಲೆಕ್ಕದ ಹಾಗೆ ಕಾಣಿಸಿತು. ಯಂತ್ರದ ಬೆಲೆಯನ್ನು ಪ್ರತಿ ವರ್ಷ ಒಂದೇ ಮೊತ್ತ ಇಳಿಸುವುದು ಒಂದು ಪದ್ಧತಿ. ಉಳಿದ ಬೆಲೆಯ ಮೇಲೆ ಶೇಕಡಾವಾರು ಇಳಿಸುವುದು ಇನ್ನೊಂದು. ಗಾಜಿನ ಮುಪ್ಪು ಮೂರನೇ ಪದ್ಧತಿ. ಮೊದಲ ದಿನದಿಂದ ಹತ್ತನೇ ದಿನದೊಳಗೆ ಎಷ್ಟು ಬದಲಾವಣೆಯೋ, ಹತ್ತರಿಂದ ನೂರನೇ ದಿನದೊಳಗೆ ಸುಮಾರು ಅಷ್ಟೇ. ನೂರರಿಂದ ಸಾವಿರಕ್ಕೂ ಅಷ್ಟೇ. ಸಾವಿರದಿಂದ ಹತ್ತು ಸಾವಿರಕ್ಕೂ ಅಷ್ಟೇ. ಹತ್ತು ಸಾವಿರ ದಿನ ಅಂದರೆ 27 ವರ್ಷ ದಾಟುತ್ತದೆ, ಹೆಚ್ಚುಕಡಿಮೆ ನನ್ನ ವಯಸ್ಸು. ಅಂದರೆ ಹುಟ್ಟಿದ ಹೊಸತರಲ್ಲೇ ಇದಕ್ಕೆ ಮುಪ್ಪಿನ ಅವಸರ ಹೆಚ್ಚು. ಆಮೇಲೆ ನಿಧಾನ, ಆದರೆ ನಮ್ಮ ಜೀವಮಾನದಲ್ಲಿ ಮುಗಿಯುವುದೇ ಇಲ್ಲ.

ಖಾನಾಪುರದ ಪಾತ್ರೆ ಹೇಳುವ ಮಾತು

ಇಲ್ಲಿಯವರೆಗೆ ಹೇಳಿದ್ದು ದಪ್ಪ ವಸ್ತುವಿನ ಮಾತು. ತೆಳು ಪದರವಾದರೆ ಕಥೆಗೆ ಪಕ್ಕದ ಮನೆಯವರೂ ಸೇರಿಕೊಳ್ಳುತ್ತಾರೆ. ಅದನ್ನು ತಿಳಿಯಲು ಖಾನಾಪುರಕ್ಕೆ ಹೋಗೋಣ, ಬೆಳಗಾವಿಯಿಂದ ಸುಮಾರು 25 ಕಿಲೋಮೀಟರ್. ಅಲ್ಲಿಯ ಮಣ್ಣು ಹೆಸರಾದದ್ದು. ಹೆಂಚು, ಇಟ್ಟಿಗೆ, ಗಡಿಗೆಯ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲೇ. ಬೇರೆ ಬೇರೆ ಕಡೆಯ ಕುಂಬಾರರು ಅಲ್ಲಿಗೆ ಬಂದು ತಿಗರಿ, ಭಟ್ಟಿ, ಹೊಳಪಿನ ಲೇಪ ಕಲಿತು ಹೋಗಿದ್ದಾರೆ.

ಹೊಳಪಿನ ಲೇಪ ಅಂದರೆ ಏನು? ಮರಳಿನ ನುಣುಪು ಪುಡಿ, ಅದನ್ನು ಬೇಗ ಕರಗಿಸುವ ಇನ್ನೊಂದಿಷ್ಟು ಖನಿಜ, ಒಂಚೂರು ಜೇಡಿಮಣ್ಣು, ನೀರು. ಒಮ್ಮೆ ಸುಟ್ಟ ಪಾತ್ರೆಯನ್ನು ಅದರಲ್ಲಿ ಅದ್ದಿ ಮತ್ತೆ ಭಟ್ಟಿಗೆ ಹಾಕುತ್ತಾರೆ. ಪುಡಿ ಕರಗಿ ಮೈಗೆ ಹರಡಿಕೊಂಡು, ತಣಿದಾಗ ತೆಳ್ಳನೆಯ ಗಾಜಾಗುತ್ತದೆ. ಕೆಳಗೆ ಮಣ್ಣು, ಮೇಲೆ ಗಾಜು: ಎರಡು ಪದರದ ವಸ್ತು. ಹಳೇ ಕಪ್ಪು-ಬಸಿಯ ಮೇಲೆ ಕೂದಲೆಳೆಯಂಥ ಬಿರುಕಿನ ಬಲೆ ನೋಡಿರುತ್ತೀರಿ. ತಣಿಯುವಾಗ ಗಾಜು ಮಣ್ಣಿಗಿಂತ ಹೆಚ್ಚು ಕುಗ್ಗಿದರೆ ಆ ಬಲೆ ಬರುತ್ತದೆ. ಕೆಲವು ಸಲ ಭಟ್ಟಿಯಿಂದ ಚೊಕ್ಕಟವಾಗಿ ಬಂದ ಪಾತ್ರೆ ತಿಂಗಳುಗಟ್ಟಲೆ ಆದಮೇಲೆ ಬಿರುಕು ಬಿಡುತ್ತದೆ. ಒಳಗಿನ ಮಣ್ಣು ಗಾಳಿಯ ತೇವ ಕುಡಿದು ಒಂಚೂರು ಹಿಗ್ಗುತ್ತದೆ, ಮೇಲಿನ ಗಾಜಿಗೆ ಹಿಗ್ಗಲು ಬರುವುದಿಲ್ಲ. ಪಾತ್ರೆ ಒಡೆದಿಲ್ಲ, ಬಿದ್ದಿಲ್ಲ. ನೆರೆಯವರ ಜೊತೆ ಹೊಂದಿಕೆ ತಪ್ಪಿತು, ಅಷ್ಟೇ.

ಕುಂಬಾರರಿಗೆ ಇದು ಅನುಭವದಿಂದ ಗೊತ್ತು. ಮಣ್ಣು ಬದಲಾದರೆ ಲೇಪವನ್ನೂ ಬದಲಿಸಬೇಕು. ತೆಳು ಪದರದ ಆಯುಷ್ಯ ಅದರ ಕೈಯಲ್ಲಿ ಮಾತ್ರ ಇಲ್ಲ, ಅದು ಅಂಟಿಕೊಂಡಿರುವ ಮೈಯ ಕೈಯಲ್ಲೂ ಇದೆ. ಗ್ರಾಮೋಫೋನ್ ಕಂಪನಿಗಳೂ ಈ ಆಟ ಆಡಿದವು. ಇಂಗ್ಲೆಂಡಿನ ಕೊಲಂಬಿಯಾ ಕಂಪನಿ 1920ರ ದಶಕದಲ್ಲಿ ಪದರದ ತಟ್ಟೆ ತಂದಿತು. ನಡುವೆ ಅಗ್ಗದ ಒರಟು ತಿರುಳು, ಎರಡೂ ಬದಿಗೆ ನಯವಾದ ಅರಗಿನ ತೆಳು ಹೊದಿಕೆ. ಸೂಜಿಯ ಕರಕರ ಕಡಿಮೆಯಾಯಿತು.

ತೆಳುವಾದಷ್ಟೂ ಅವಸರ

1990ರ ದಶಕದಲ್ಲಿ ವಿಜ್ಞಾನಿಗಳು ಪಾಲಿಮರ್ ಪದರವನ್ನು ಇನ್ನೂ ಇನ್ನೂ ತೆಳು ಮಾಡುತ್ತಾ ಹೋದರು. 1994ರಲ್ಲಿ ಕೆಡ್ಡಿ, ಜೋನ್ಸ್, ಕೋರಿ ಎಂಬ ಮೂವರು ಸಿಲಿಕಾನ್ ಮೇಲೆ ಪಾಲಿಸ್ಟೈರೀನಿನ ಭಾಳ ತೆಳು ಪೊರೆ ಹರಡಿ ಅಳೆದರು. ಪೊರೆ ತೆಳುವಾದಂತೆ ಗಾಜಾಗುವ ಉಷ್ಣತೆಯೇ ಕೆಳಗಿಳಿಯಿತು. ಅದೇ ವಸ್ತು, ದಪ್ಪ ಮಾತ್ರ ಬೇರೆ, ಸ್ವಭಾವ ಬೇರೆ.

ಮುಪ್ಪಿನ ಮಾತೂ ಹಾಗೇ. ಅಮೆರಿಕದ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಪಾಲ್, ಬೆನ್ನಿ ಫ್ರೀಮನ್ ಮತ್ತು ಅವರ ಶಿಷ್ಯರು 2000ದ ದಶಕದಲ್ಲಿ ತೆಳು ಪೊರೆಗಳ ಮುಪ್ಪನ್ನು ಹೊಸ ರೀತಿಯಲ್ಲಿ ಅಳೆದರು. ಪೊರೆಯ ಮೂಲಕ ಆಮ್ಲಜನಕ, ಸಾರಜನಕ, ಮೀಥೇನ್ ಎಷ್ಟು ನುಸುಳುತ್ತದೆ ಅಂತ ವಾರಗಟ್ಟಲೆ, ತಿಂಗಳುಗಟ್ಟಲೆ ಲೆಕ್ಕ ಇಟ್ಟರು. ನಮ್ಮ ಬಸ್ಸಿನ ಲೆಕ್ಕದಲ್ಲಿ ಅನಿಲದ ಅಣುವೇ ಕಂಡಕ್ಟರ್. ಮಂದಿ ಒತ್ತಾದಂತೆ ಕಂಡಕ್ಟರ್ ದಾಟುವುದು ತಡವಾಗುತ್ತದೆ. ಕೂದಲಿನ ಇನ್ನೂರನೇ ಒಂದು ಭಾಗದಷ್ಟು ತೆಳು ಪೊರೆಗಳು ದಪ್ಪ ಹಾಳೆಗಿಂತ ಎಷ್ಟೋ ಬೇಗ ಬಿಗಿಯಾಗುವುದು ಕಂಡಿತು.

ಯಾಕೆ? ಖಾಲಿ ಜಾಗ ಹೊರಗೆ ಹೋಗಬೇಕಾದರೆ ಮೇಲ್ಮೈ ಬೇಕು. ಪೊರೆ ತೆಳುವಾದಷ್ಟೂ ಒಳಗಿನಿಂದ ಮೇಲ್ಮೈಗೆ ದಾರಿ ಹತ್ತಿರ. ಜೊತೆಗೆ ಮೇಲ್ಮೈಯ ಸರಪಳಿಗಳಿಗೆ ಒಂದು ಕಡೆ ಯಾರೂ ಇಲ್ಲ, ಹಾಗಾಗಿ ಅವು ಒಳಗಿನವುಗಳಿಗಿಂತ ಸಲೀಸಾಗಿ ಅಲುಗಾಡುತ್ತವೆ.

ಹಾಗಾದರೆ ಆ ಮೇಲ್ಮೈಯನ್ನೇ ಮುಚ್ಚಿಬಿಟ್ಟರೆ? ಈ ಪ್ರಶ್ನೆಗೆ ಬೇಕಾದ ಪೊರೆ ಕ್ಲೀವ್‌ಲ್ಯಾಂಡಿನ ಎರಿಕ್ ಬೇರ್ ಅವರ ತಂಡದ ಬಳಿ ಇತ್ತು. ಚಿರೋಟಿ ಮಾಡುವುದು ನೋಡಿದ್ದೀರಲ್ಲ? ಎರಡು ಪಾಲಿಮರ್ ಕರಗಿಸಿ, ಒಂದರ ಮೇಲೊಂದು ಹರಿಸಿ, ಆ ಹರಿವನ್ನು ಸೀಳಿ, ಹರಡಿ, ಮತ್ತೆ ಒಂದರ ಮೇಲೊಂದು ಇಡುತ್ತಾರೆ. ಪ್ರತಿ ಸಲ ಪದರ ಇಮ್ಮಡಿ. ಎರಡು ಪದರದಿಂದ ಶುರು ಮಾಡಿ ಹತ್ತು ಸಲ ಮಾಡಿದರೆ 2048 ಪದರ. 2011ರಲ್ಲಿ ಎರಡೂ ತಂಡ ಸೇರಿ ಇಂಥ ಪೊರೆಯ ಮುಪ್ಪು ಅಳೆದವು. ಗಾಜಿನಂಥ ಪಾಲಿಸಲ್ಫೋನ್ ಪದರಗಳ ನಡುನಡುವೆ ರಬ್ಬರಿನಂಥ ಮೆತ್ತನೆಯ ಪದರ. ಬಿಡಿಯಾಗಿದ್ದಾಗ ಬೇಗ ಮುಪ್ಪಾಗುವಷ್ಟೇ ತೆಳುವಿನ ಪಾಲಿಸಲ್ಫೋನ್, ಇಲ್ಲಿ ಎರಡೂ ಬದಿಗೆ ನೆರೆಯವರು ಒತ್ತಿಕೊಂಡಿದ್ದಾಗ ಅಷ್ಟು ಅವಸರ ಮಾಡಲಿಲ್ಲ. ದಪ್ಪ ಹಾಳೆಯ ಹಾಗೆ ನಿಧಾನವಾಗಿ ನಡೆದುಕೊಂಡಿತು. ತೆಳುವಾಗಿರುವುದಕ್ಕಿಂತ ಬತ್ತಲೆ ಮೇಲ್ಮೈ ಇರುವುದೇ ಮುಪ್ಪಿಗೆ ದೊಡ್ಡ ದಾರಿ ಅಂತಾಯಿತು. ಖಾನಾಪುರದ ಲೇಪದಲ್ಲಿ ನೆರೆಮನೆ ಬಿರುಕು ತಂದಿತ್ತು. ಇಲ್ಲಿ ನೆರೆಮನೆ ಆಯುಷ್ಯ ಕೊಟ್ಟಿತು.

ಕಬ್ಬಿನ ಜಿಲ್ಲೆಗೆ ಇದರಿಂದ ಏನು?

ಈಗ ದುಡ್ಡಿನ ಮಾತು. ತೆಳು ಪೊರೆ ಯಾಕೆ ಬೇಕು ಅಂದರೆ ಅದು ಜರಡಿ. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕದೊಳಗೆ ಇರುವುದೂ ಪದರದ ಪೊರೆಯೇ. ಕೆಳಗೆ ಪಾಲಿಯೆಸ್ಟರ್ ಬಟ್ಟೆ, ನಡುವೆ ರಂಧ್ರಗಳ ಪಾಲಿಸಲ್ಫೋನ್, ಮೇಲೆ ಕಣ್ಣಿಗೆ ಕಾಣದಷ್ಟು ತೆಳು ಪಾಲಿಅಮೈಡ್. ಇದರ ಹಿಂದಿನ ಪೀಳಿಗೆಯ ಪೊರೆಯನ್ನು 1960ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ರೂಪಿಸಿದ ಇಬ್ಬರಲ್ಲಿ ಒಬ್ಬರು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್, ಇನ್ನೊಬ್ಬರು ಸಿಡ್ನಿ ಲೋಬ್. ನೀರಿನ ಪೊರೆ ಹೆಚ್ಚಾಗಿ ಕೆಡುವುದು ಕೊಳೆ ಕಟ್ಟಿ, ಇಲ್ಲವೇ ಕ್ಲೋರಿನ್ ತಾಗಿ. ಆದರೆ ಅನಿಲ ಸೋಸುವ ಗಾಜಿನಂಥ ಪೊರೆಗೆ ಭೌತಿಕ ಮುಪ್ಪೇ ದೊಡ್ಡ ಶತ್ರು.

ಬೆಳಗಾವಿ ರಾಜ್ಯದಲ್ಲಿ ಹೆಚ್ಚು ಸಕ್ಕರೆ ಕಾರ್ಖಾನೆ ಇರುವ ಜಿಲ್ಲೆಗಳಲ್ಲಿ ಒಂದು. ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇರುವುದೂ ಬೆಳಗಾವಿಯಲ್ಲೇ. ಈಗ ಕಬ್ಬು ಅಂದರೆ ಬರೀ ಸಕ್ಕರೆ ಅಲ್ಲ, ಎಥೆನಾಲ್ ಕೂಡ. ಮತ್ತೆ ರಸ ಸೋಸಿದಾಗ ಉಳಿಯುವ ಪ್ರೆಸ್‌ಮಡ್ ಕೊಳೆಸಿದರೆ ಜೈವಿಕ ಅನಿಲ. ಅದರಲ್ಲಿ ಮೀಥೇನ್ ಜೊತೆ ಇಂಗಾಲದ ಡೈಆಕ್ಸೈಡ್ ಬೆರೆತಿರುತ್ತದೆ. ಅದನ್ನು ಬೇರ್ಪಡಿಸಿದರೆ ಮಾತ್ರ ಗಾಡಿಗೆ ಹಾಕುವ ಇಂಧನ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಅನಿಲಕ್ಕಾಗಿ 'ಸತತ್' ಯೋಜನೆ ಶುರು ಮಾಡಿತು. ಬೇರ್ಪಡಿಸುವ ದಾರಿಗಳಲ್ಲಿ ಪಾಲಿಮರ್ ಪೊರೆಯೂ ಒಂದು.

ಎಥೆನಾಲ್ ಕಥೆಯೂ ಸ್ವಾರಸ್ಯದ್ದು. ಎಷ್ಟೇ ಬಟ್ಟಿ ಇಳಿಸಿದರೂ ತೂಕದ ಲೆಕ್ಕದಲ್ಲಿ ಶೇ. 95.6ರ ಹತ್ತಿರ ಎಥೆನಾಲ್ ನಿಂತುಬಿಡುತ್ತದೆ. ಉಳಿದ ನೀರು ಬಿಟ್ಟುಕೊಡುವುದಿಲ್ಲ. ಆ ನೀರನ್ನು ಹೀರುವ ಜಿಯೋಲೈಟ್ ಹರಳು ಒಂದು ಉಪಾಯ. ನೀರಿಗೆ ಮಾತ್ರ ದಾರಿ ಬಿಡುವ ಪೊರೆ ಇನ್ನೊಂದು. 1988ರಲ್ಲಿ ಫ್ರಾನ್ಸಿನ ಬೆತೆನಿವಿಲ್‌ನಲ್ಲಿ ಬೀಟ್‌ರೂಟ್ ಸಕ್ಕರೆ ಕಾರ್ಖಾನೆಯೊಂದಕ್ಕೆ ಅಂಥ ದೊಡ್ಡ ಘಟಕ ಹಾಕಿದರು. ನಮ್ಮ ಪಕ್ಕದ ಧಾರವಾಡದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಪ್ರೊ. ತೇಜರಾಜ ಅಮಿನಭಾವಿ ಮತ್ತು ಅವರ ಶಿಷ್ಯರು ವರ್ಷಗಟ್ಟಲೆ ಇಂಥ ಪೊರೆಗಳ ಮೇಲೆ ಕೆಲಸ ಮಾಡಿದರು. ಕಡಲ ಪಾಚಿಯಿಂದ ಬರುವ ಆಲ್ಜಿನೇಟ್, ಸೀಗಡಿ ಚಿಪ್ಪಿನಿಂದ ಬರುವ ಕೈಟೋಸಾನ್ ಬಳಸಿ ಎಥೆನಾಲ್‌ನಿಂದ ನೀರು ತೆಗೆಯುವ ಪೊರೆ. ಅವರು ಪಿಎಚ್.ಡಿ. ಮಾಡಿದ್ದು ಆಸ್ಟಿನ್‌ನ ಅದೇ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ. ಪಾಲಿಮರ್ ಜಗತ್ತಿನ ನಕ್ಷೆಯಲ್ಲಿ ಧಾರವಾಡ ಇದೆ ಅನ್ನುವುದು ನಮ್ಮ ಎಷ್ಟೋ ಹುಡುಗರಿಗೆ ಗೊತ್ತಿಲ್ಲ.

ಕಾಮರ್ಸಿನವನಾಗಿ ನಾನು ಹೇಳುವುದು ಇಷ್ಟು. ಅನಿಲ ಸೋಸುವ ಪೊರೆ ಮಾರುವವರು ಕೊಡುವ ಅಂಕಿ ಹೊಸ ಪೊರೆಯದ್ದಾದರೆ, ಅದು ಮದುವೆ ದಿನದ ಫೋಟೋ ಇದ್ದ ಹಾಗೆ. ಅತಿ ಹೆಚ್ಚು ಇಳಿತ ಮೊದಲ ವಾರಗಳಲ್ಲೇ ಆಗುತ್ತದೆ ಅಂತ ಈಗಷ್ಟೇ ನೋಡಿದೆವಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ: ಸಾವಿರ ತಾಸು ಓಡಿದ ಮೇಲೆ ಎಷ್ಟು? ಹತ್ತು ಸಾವಿರ ತಾಸಿಗೆ ಎಷ್ಟು? ಹಾಳೆ ಬಿಡಿಯೋ, ಪದರವೋ? ರೈತರ ಷೇರು ಹಣ ಇರುವ ಸಹಕಾರಿ ಕಾರ್ಖಾನೆ ಇಂಥ ಯಂತ್ರ ಕೊಳ್ಳುವಾಗ ಈ ಪ್ರಶ್ನೆ ಕೇಳದಿದ್ದರೆ, ಆ ಸವಕಳಿ ಬೀಳುವುದು ಕೊನೆಗೆ ಕಬ್ಬಿನ ಬಿಲ್ಲಿನ ಮೇಲೆ.

ಮನೆಯ ಅಟ್ಟದಲ್ಲಿ ಇರುವವರಿಗೆ

ಇನ್ನು ಅರಗಿನ ತಟ್ಟೆಗೆ ವಾಪಸ್ ಬರೋಣ. ಅರಗಿಗೆ ಎರಡೂ ಮುಪ್ಪು ಒಟ್ಟಿಗೆ. ಸರಪಳಿಗಳು ಒತ್ತಾಗುವ ಭೌತಿಕ ಮುಪ್ಪು ಒಂದು. ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಪೆಡಸಾಗುವ ರಾಸಾಯನಿಕ ಮುಪ್ಪು ಇನ್ನೊಂದು. ಕಾಯಿಸಿ ಹೊಸದು ಮಾಡೋಣ ಅಂದರೆ ಗೀರೆಲ್ಲ ಅಳಿಸಿ, ಹಾಡೇ ಹೋಗುತ್ತದೆ. ಅಂದರೆ ಇಲ್ಲಿ ವಸ್ತುವಿನ ಮುಪ್ಪು ಕಳೆಯಬೇಕಾದರೆ ನೆನಪನ್ನೇ ಕೊಡಬೇಕು. ಯಾರೂ ಆ ವ್ಯಾಪಾರಕ್ಕೆ ಒಪ್ಪುವುದಿಲ್ಲ.

ಹಾಗಾಗಿ ನಾವು ಮಾಡಬಹುದಾದದ್ದು ಮುಪ್ಪಿನ ವೇಗ ಕಡಿಮೆ ಮಾಡುವುದು, ಅಷ್ಟರೊಳಗೆ ದನಿಯನ್ನು ಬೇರೆ ಕಡೆ ಇಳಿಸಿಕೊಳ್ಳುವುದು. ಬೆಳಗಾವಿ, ಹುಬ್ಬಳ್ಳಿ, ಧಾರವಾಡದ ಎಷ್ಟೋ ಹಳೇ ಮನೆಗಳ ಅಟ್ಟದ ಮೇಲೆ ಇಂಥ ತಟ್ಟೆಗಳಿವೆ. ನಿಮ್ಮ ಅಜ್ಜ, ಮುತ್ಯಾ ಕೊಂಡದ್ದಿದ್ದರೆ ಮೊದಲು ಮಾಳಿಗೆಯ ಸೆಕೆಯಿಂದ ಕೆಳಗಿಳಿಸಿ, ತಂಪಾದ ಒಣ ಕೋಣೆಯಲ್ಲಿಡಿ. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಸ್ಯಾನಿಟೈಸರ್, ಸ್ಪಿರಿಟ್ ಹಾಕಿ ಒರೆಸಬೇಡಿ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ, ಒಂದೇ ಒರೆಸಿಗೆ ರಾಗ ಹೋಗಿಬಿಡುತ್ತದೆ. ಹಳೇ ಫೋಟೋ ನೆಗೆಟಿವ್ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್ ಫಿಲ್ಮಿನ ರಾಸಾಯನಿಕ ಮುಪ್ಪು. ಬೇರೆಯವುಗಳಿಂದ ದೂರ ಇಟ್ಟು, ಬೇಗ ಸ್ಕ್ಯಾನ್ ಮಾಡಿಸಿ.

ನೀವು ಈ ಸಂಚಿಕೆ ಕೇಳುತ್ತಿರುವ ಫೋನೂ ಪದರ ಪದರದ ವಸ್ತು. ಅದರೊಳಗಿನ ಪ್ಲಾಸ್ಟಿಕ್ಕುಗಳು ಕಾರ್ಖಾನೆಯಲ್ಲಿ ತಣಿದ ದಿನದಿಂದಲೇ ತಮ್ಮ ಜಾಗ ಸರಿಮಾಡಿಕೊಳ್ಳುತ್ತಾ ಕೂತಿವೆ. ಎರಡು ಮೂರು ವರ್ಷಕ್ಕೆ ಫೋನ್ ಬದಲಿಸುವ ನಮಗೆ ಅದು ಗೊತ್ತಾಗುವುದಿಲ್ಲ. ಆದರೆ ಅಜ್ಜಿಯ ದನಿಯನ್ನು ಆ ಫೋನಿನಲ್ಲೇ ಮುದ್ರಿಸಿ, ಅದರಲ್ಲೇ ಬಿಟ್ಟಿದ್ದೀರಲ್ಲ? ಅದರ ಇನ್ನೊಂದು ಪ್ರತಿ ಇವತ್ತೇ ಬೇರೆ ಕಡೆ ಇಡ್ರಿ. ಮತ್ತೆ ಅಟ್ಟದ ಮೇಲೆ ಯಾವ ತಟ್ಟೆ ಇದೆ, ಚೀಟಿಯ ಮೇಲೆ ಏನು ಬರೆದಿದೆ ಅಂತ ಒಂದು ಫೋಟೋ ತೆಗೆದು ನನಗೆ ಕಳಿಸ್ರಿ. ಮುಂದಿನ ಸಂಚಿಕೆಯನ್ನು ಅವುಗಳಿಂದಲೇ ಶುರು ಮಾಡೋಣ. ಬರ್ತೀನ್ರಿ, ನಮಸ್ಕಾರ.